ಹದಿಮೂರರ ಲೆಕ್ಕ: ನೆರೂಳಿನಲ್ಲಿ ನಡೆಯದೇ ಹೋದ ಒಂದು ಪಂದ್ಯ

ನವಿ ಮುಂಬಯಿಯ ನೆರೂಳಿನಲ್ಲಿರುವ ನಮ್ಮ ಬಿಲ್ಡಿಂಗಿನ ಟೆರೇಸ್ ಹತ್ತಿದರೆ ಡಿ.ವೈ. ಪಾಟೀಲ್ ಕ್ರೀಡಾಂಗಣದ ಬೆಳಕು ಕಾಣುತ್ತದೆ. ಕ್ರಿಕೆಟ್ ಪಂದ್ಯದ ದಿನಗಳಲ್ಲಿ ಬೆಳಕಿನ ಜೊತೆ ಸದ್ದೂ ಬರುತ್ತದೆ. ವಿಕೆಟ್ ಬಿದ್ದದ್ದು ಟೀವಿಗಿಂತ ನಾಲ್ಕು ಸೆಕೆಂಡ್ ಮೊದಲೇ ನಮಗೆ ಗೊತ್ತಾಗುತ್ತದೆ. ಕೆಳಗೆ ಮನೆಯಲ್ಲಿ ಟೀವಿ ನೋಡುತ್ತಿರುವವರಿಗೆ ಮೇಲಿನಿಂದಲೇ ಕೂಗಿ ಹೇಳಿ ಆಟದ ರುಚಿ ಕೆಡಿಸುವುದು ನಮ್ಮ ಸೊಸೈಟಿಯ ಹಳೇ ಕಿಡಿಗೇಡಿತನ. ಆದರೆ 2022ರ ಜನವರಿ 20ರ ರಾತ್ರಿ ಬೆಳಕಿತ್ತು, ಸದ್ದಿರಲಿಲ್ಲ. ಭಾರತದ ಹೆಣ್ಣುಮಕ್ಕಳು ಫುಟ್‌ಬಾಲಿನ ಏಷ್ಯಾ ಕಪ್‌ನಲ್ಲಿ ಇರಾನ್ ವಿರುದ್ಧ ಆಡುತ್ತಿದ್ದರು. ಸುಮಾರು 55 ಸಾವಿರ ಮಂದಿ ಕೂರುವ ಜಾಗದಲ್ಲಿ ಪ್ರೇಕ್ಷಕ ಅಂತ ಒಬ್ಬನೂ ಇರಲಿಲ್ಲ.

ಮೂರು ದಿನ ಬಿಟ್ಟು, ಜನವರಿ 23ರ ಭಾನುವಾರ, ಎರಡನೇ ಪಂದ್ಯ. ಎದುರಾಳಿ ಚೈನೀಸ್ ತೈಪೆ ಅನ್ನುವ ಹೆಸರಲ್ಲಿ ಆಡುವ ತೈವಾನ್. ಸಮಯ ಸಂಜೆ ಏಳೂವರೆ. ಕೆಳಗಿನ ಮನೆಯ ಹುಡುಗಿ ಆರು ಗಂಟೆಗೇ ನಮ್ಮಲ್ಲಿಗೆ ಬಂದು ಕೂತಿದ್ದಳು, ಅವರ ಮನೆಯ ಟೀವಿ ಅಜ್ಜಿಯ ಧಾರಾವಾಹಿಗೆ ಮೀಸಲು. ಕುಂದಾಪುರ ಕಡೆಯವರು; ಅಪ್ಪ ವಾಶಿಯ ಒಂದು ಹೋಟೆಲಿನಲ್ಲಿ ಗಲ್ಲೆ ಮೇಲೆ ಕೂರುತ್ತಾನೆ. ಹುಡುಗಿಗೆ ಆಗ ಹನ್ನೆರಡು. ಶಾಲೆಯ ತಂಡದಲ್ಲಿ ರೈಟ್ ಬ್ಯಾಕ್. ಎರಡು ವರ್ಷದಿಂದ ಶಾಲೆಯೇ ನೆಟ್ಟಗೆ ನಡೆದಿಲ್ಲವಾದ್ದರಿಂದ ಆ ತಂಡ ಇದ್ದದ್ದು ಬರೀ ವಾಟ್ಸಾಪ್ ಗುಂಪಿನಲ್ಲಿ.

ಆಟ ಶುರುವಾಗಲಿಲ್ಲ. ಭಾರತದ ಬಳಿ ಆಡಲು ಬೇಕಾದಷ್ಟು ಜನ ಇಲ್ಲ ಎಂಬ ಸುದ್ದಿ ಮೊದಲು ಫೋನಿನಲ್ಲಿ ಬಂತು, ಆಮೇಲೆ ಟೀವಿಯಲ್ಲಿ. ಹನ್ನೆರಡು ಆಟಗಾರ್ತಿಯರಿಗೆ ಕೋವಿಡ್, ಗಾಯಗೊಂಡವರು ಬೇರೆ. ‘ಪಂದ್ಯ ರದ್ದು’ ಅಂದರೆ ಇನ್ನೊಂದು ದಿನ ಆಡುತ್ತಾರೆ ಅಂದುಕೊಂಡಳು ಹುಡುಗಿ. ನಾನೂ ಹಾಗೇ ಅಂದುಕೊಂಡೆ. ರಾತ್ರಿಯ ಹೊತ್ತಿಗೆ ತಿಳಿಯಿತು: ಹೋದದ್ದು ಒಂದು ಪಂದ್ಯವಲ್ಲ, ಇಡೀ ಟೂರ್ನಿ. ಇರಾನ್ ಜೊತೆ ಆಡಿದ ಪಂದ್ಯವೂ ಲೆಕ್ಕದಿಂದ ಹೊರಗೆ. ಆತಿಥೇಯ ದೇಶವೇ ಟೂರ್ನಿಯಿಂದ ‘ಹಿಂದೆ ಸರಿದಿದೆ’ ಎಂದು ಬರೆಯಲಾಯಿತು. ಹಿಂದೆ ಸರಿದವರು ಯಾರೂ ಇರಲಿಲ್ಲ. ಎಲ್ಲರೂ ಹೋಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು.

ನಾನು ಉಡುಪಿ ಹೋಟೆಲುಗಳ ಲೆಕ್ಕಪತ್ರ ನೋಡುವವ. ಯಾವುದಾದರೂ ಅಂಗಡಿಗೆ ನಷ್ಟ ಬಂದರೆ ಎಲ್ಲಿ ಸೋರಿತು ಅಂತ ಹಿಂದಿನಿಂದ ಮುಂದಕ್ಕೆ ಹುಡುಕುವುದು ನನ್ನ ಕಸುಬು. ಈ ಪಂದ್ಯವನ್ನೂ ಹಾಗೇ ನೋಡುತ್ತಿದ್ದೇನೆ.

ಪಣಕ್ಕಿದ್ದದ್ದು ಏನು

ಅದು ಏಷ್ಯಾದ ಫುಟ್‌ಬಾಲ್ ಒಕ್ಕೂಟವಾದ ಎಎಫ್‌ಸಿ ನಡೆಸಿದ 2022ರ ಮಹಿಳಾ ಏಷ್ಯಾ ಕಪ್. ಜನವರಿ 20ರಿಂದ ಫೆಬ್ರವರಿ 6ರವರೆಗೆ. ಮೊದಲ ಸಲ ಎಂಟರ ಬದಲು ಹನ್ನೆರಡು ತಂಡ. ಮೊದಲಿನ ಯೋಜನೆಯಲ್ಲಿ ಭುವನೇಶ್ವರ, ಅಹಮದಾಬಾದ್ ಕೂಡ ಇದ್ದವು. ಕೋವಿಡ್ ಕಾಲದಲ್ಲಿ ತಂಡಗಳ ಓಡಾಟ ಕಡಿಮೆ ಮಾಡಬೇಕೆಂದು ಎಲ್ಲವನ್ನೂ ಮಹಾರಾಷ್ಟ್ರದೊಳಕ್ಕೆ ತಂದರು. ನೆರೂಳಿನ ಡಿ.ವೈ. ಪಾಟೀಲ್, ಅಂಧೇರಿಯ ಮುಂಬಯಿ ಫುಟ್‌ಬಾಲ್ ಅರೇನಾ, ಪುಣೆ ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕೀರ್ಣ. ವಿಮಾನ ಬೇಡ, ಎಕ್ಸ್‌ಪ್ರೆಸ್‌ವೇ ಮೇಲೆ ಬಸ್ಸು ಸಾಕು.

ಡಿ.ವೈ. ಪಾಟೀಲ್ ಹುಟ್ಟಿದ್ದು ಕ್ರಿಕೆಟ್ಟಿಗೆ. 2008ರ ಮಾರ್ಚ್‌ನಲ್ಲಿ ಉದ್ಘಾಟನೆ, ಅದೇ ವರ್ಷದ ಜೂನ್ 1ರಂದು ಮೊಟ್ಟಮೊದಲ ಐಪಿಎಲ್ ಫೈನಲ್. ವಿನ್ಯಾಸ ಹಫೀಜ್ ಕಾಂಟ್ರಾಕ್ಟರ್ ಅವರದು. ಚಾವಣಿ ಹೊರಚಾಚು ಮಾದರಿಯದು, ಆದ್ದರಿಂದ ಯಾವ ಸೀಟಿನಲ್ಲಿ ಕೂತರೂ ಕಂಬ ಅಡ್ಡ ಬರುವುದಿಲ್ಲ. ಆದರೆ ದುಂಡಗಿನ ಕ್ರಿಕೆಟ್ ಮೈದಾನದೊಳಗೆ ಉದ್ದಚೌಕದ ಫುಟ್‌ಬಾಲ್ ಅಂಗಳ ಇಟ್ಟಾಗ ಸುತ್ತ ಹುಲ್ಲು ಉಳಿದುಬಿಡುತ್ತದೆ, ಆಟಗಾರರು ದೂರ ಕಾಣುತ್ತಾರೆ. ಗೋಲಿನ ಹಿಂದೆ ಕೂತವನಿಗೆ ಇನ್ನೊಂದು ಗೋಲು ಪಕ್ಕದ ಊರಲ್ಲಿದ್ದ ಹಾಗೆ. ಆದರೂ ಫುಟ್‌ಬಾಲ್ ಇಲ್ಲಿಗೆ ಹೊಸದೇನಲ್ಲ. 2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ಹುಡುಗರ ವಿಶ್ವಕಪ್ ಇಲ್ಲಿಗೂ ಬಂದಿತ್ತು. ಮಾಲಿಯನ್ನು ಸ್ಪೇನ್ 3–1ರಲ್ಲಿ ಸೋಲಿಸಿದ ಸೆಮಿಫೈನಲ್ ನಾನು ಒಳಗೆ ಕೂತೇ ನೋಡಿದ್ದೆ.

ಭಾರತದ ಮಹಿಳಾ ತಂಡ 1979 ಮತ್ತು 1983ರ ಏಷ್ಯಾ ಆವೃತ್ತಿಗಳಲ್ಲಿ ಎರಡನೇ ಸ್ಥಾನ ಪಡೆದಿತ್ತು ಅಂದರೆ ಈಗಿನವರು ನಂಬುವುದಿಲ್ಲ. 1979ರ ಫೈನಲ್‌ನಲ್ಲಿ ಸೋಲಿಸಿದ್ದೂ ಇದೇ ತೈವಾನ್. ಆಮೇಲೆ ಇಳಿಜಾರು. 2003ರ ನಂತರ ಮುಖ್ಯ ಸುತ್ತಿಗೇ ಬಂದಿರಲಿಲ್ಲ. ಈ ಸಲ ಬಂದದ್ದೂ ಆತಿಥೇಯರೆಂಬ ಕಾರಣಕ್ಕೆ. ಆದರೆ ತಯಾರಿ ನಿಜವಾಗಿಯೂ ನಡೆದಿತ್ತು. ಸ್ವೀಡನ್ನಿನ ಥಾಮಸ್ ಡೆನ್ನರ್ಬಿ ಕೋಚ್. 2021ರ ನವೆಂಬರ್‌ನಲ್ಲಿ ತಂಡವನ್ನು ಬ್ರೆಜಿಲ್‌ಗೆ ಕರೆದೊಯ್ದು ಮನೌಸ್‌ನಲ್ಲಿ ಆಡಿಸಿದರು. ಆರು ಗೋಲು ತಿಂದರು, ಒಂದು ಹೊಡೆದರು. ಆ ಒಂದು ಮನೀಷಾ ಕಲ್ಯಾಣ್‌ದು. ನಮ್ಮ ಹುಡುಗಿ ಅದರ ವಿಡಿಯೋವನ್ನು ಎಷ್ಟು ಸಲ ನೋಡಿದ್ದಳೋ, ಅಜ್ಜಿಗೂ ಬಾಯಿಪಾಠ ಆಗಿತ್ತು.

ಪಣ ದೊಡ್ಡದಿತ್ತು. 2023ರ ಮಹಿಳಾ ವಿಶ್ವಕಪ್ 24ರಿಂದ 32 ತಂಡಕ್ಕೆ ಬೆಳೆದಿತ್ತು, ಏಷ್ಯಾದ ಪಾಲೂ ಹೆಚ್ಚಿತ್ತು. ಈ ಟೂರ್ನಿಯ ಕೊನೆಯ ಎಂಟರೊಳಗೆ ಬಂದವರಿಗೆಲ್ಲ ವಿಶ್ವಕಪ್ಪಿನ ನೇರ ಟಿಕೆಟ್, ಇಲ್ಲವೇ ಕನಿಷ್ಠ ಪ್ಲೇ-ಆಫ್ ಎಂಬ ಎರಡನೇ ಅವಕಾಶದ ಬಾಗಿಲು. ಮೂರು ಗುಂಪು, ಪ್ರತಿ ಗುಂಪಿನ ಮೊದಲ ಇಬ್ಬರು, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮ ಇಬ್ಬರು. ಗುಂಪಿನಲ್ಲಿ ಚೀನಾ, ತೈವಾನ್, ಇರಾನ್. ಚೀನಾವನ್ನು ಬಿಡಿ. ಇರಾನ್ ಮೊದಲ ಸಲ ಬಂದ ತಂಡ, ತೈವಾನ್ ಕಷ್ಟ ಆದರೆ ಅಸಾಧ್ಯವಲ್ಲ. ಗೆಲ್ಲಲೇಬೇಕಾದದ್ದು ಒಂದೇ ಪಂದ್ಯ, ಇರಾನ್‌ದು.

ಅದೇ ಗೆಲ್ಲಲಿಲ್ಲ. 20ರ ರಾತ್ರಿ ಚೆಂಡು ಹೆಚ್ಚು ಹೊತ್ತು ನಮ್ಮವರ ಕಾಲಲ್ಲೇ ಇತ್ತು, ಅವಕಾಶಗಳೂ ಬಂದವು. ಇರಾನಿನ ಗೋಲ್‌ಕೀಪರ್ ಜೊಹ್ರೆ ಕೂದಾಯಿ ಬಿಟ್ಟುಕೊಡಲಿಲ್ಲ. 0–0. ಖಾಲಿ ಗ್ಯಾಲರಿಯಿಂದಾಗಿ ಟೀವಿಯಲ್ಲಿ ಆಟಗಾರ್ತಿಯರು ಒಬ್ಬರನ್ನೊಬ್ಬರು ಕರೆಯುವುದು, ಬೂಟು ಚೆಂಡಿಗೆ ತಾಗುವ ಡಬ್ ಡಬ್ ಎಲ್ಲ ಕೇಳುತ್ತಿತ್ತು. ನಾನು ಅರ್ಧ ಹೊತ್ತು ಟೆರೇಸಿನಲ್ಲಿ, ಅರ್ಧ ಹೊತ್ತು ಟೀವಿ ಮುಂದೆ. ಗೋಲು ಬಂದರೂ ಇವತ್ತು ಮೇಲೆ ಗೊತ್ತಾಗುವುದಿಲ್ಲವಲ್ಲ ಅನ್ನಿಸಿ ಕೆಳಗಿಳಿದೆ.

ಆ ಪಂದ್ಯದ ಹೊತ್ತಿಗೇ ತಂಡದ ಇಬ್ಬರಿಗೆ ಸೋಂಕು ತಗುಲಿ ಪ್ರತ್ಯೇಕ ಇಟ್ಟಿದ್ದರು. ಅದು ಸಣ್ಣ ಸುದ್ದಿಯಾಗಿ ಹೋಯಿತು. ಜನವರಿ 7ರಂದು ಮುಂಬಯಿ ಒಂದರಲ್ಲೇ ದಿನಕ್ಕೆ 20 ಸಾವಿರ ದಾಟಿದ್ದ ಊರು ಇದು, ಇಬ್ಬರಿಗೆ ಬಂತೆಂದರೆ ಯಾರೂ ತಿರುಗಿ ನೋಡುವ ಕಾಲವಲ್ಲ.

ಗುಳ್ಳೆ ಒಡೆಯುವುದು ಎಲ್ಲಿ

ಬಯೋಬಬಲ್ ಅನ್ನುವ ಪದ ಆಗ ಎಲ್ಲರ ಬಾಯಲ್ಲೂ ಇತ್ತು. ಹೋಟೆಲ್, ಬಸ್ಸು, ಮೈದಾನ. ಇವು ಮೂರರ ಹೊರಗೆ ಕಾಲಿಡಬಾರದು, ಹೊರಗಿನವರು ಒಳಗೆ ಬರಬಾರದು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಹೋಟೆಲ್ ಅಂದರೆ ಕಟ್ಟಡ ಅಂತ ತಿಳಿದವರು ಮಾಡಿದ ಯೋಜನೆ ಅದು. ಹೋಟೆಲ್ ಅಂದರೆ ಜನ.

ಬೈಂದೂರಿನ ನನ್ನ ಸ್ನೇಹಿತನೊಬ್ಬ ಇಪ್ಪತ್ತೈದು ವರ್ಷದಿಂದ ಹೋಟೆಲ್ ಲೈನಿನಲ್ಲಿದ್ದಾನೆ. ಸಪ್ಲೈಯರ್ ಆಗಿ ಬಂದವ, ಈಗ ಒಂದು ದೊಡ್ಡ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕ. ಭಾರತ ತಂಡ ಇಳಿದುಕೊಂಡಿದ್ದ ಹೋಟೆಲಲ್ಲ, ಬೇರೆಯದು. ಆದರೆ ಬೇರೊಂದು ಆಟಕ್ಕಾಗಿ ಅವನೂ ಬಬಲ್ ಡ್ಯೂಟಿ ಮಾಡಿದ್ದ. ಅವನು ವಿವರಿಸಿದ್ದು ಹೀಗೆ: ನೂರು ಕೋಣೆಗೆ ಅತಿಥಿಗಳು ಬಂದರೆ ಅಡುಗೆ, ಬಟ್ಟೆ, ನೆಲ, ಲಿಫ್ಟು, ಭದ್ರತೆ ಎಲ್ಲ ಸೇರಿ ಹೆಚ್ಚೂಕಡಿಮೆ ಅಷ್ಟೇ ಜನ ಒಳಗೆ ಬೇಕು. ಅವರನ್ನೂ ಒಳಗೇ ಮಲಗಿಸಿದರೆ ಮಾತ್ರ ಬಬಲ್. ಮಲಗಿಸಬೇಕಾದರೆ ಕೋಣೆ ಬೇಕು, ಡಬಲ್ ಡ್ಯೂಟಿ ದುಡ್ಡು ಬೇಕು, ಇಪ್ಪತ್ತು ದಿನ ಮನೆಗೆ ಹೋಗದೇ ಇರಲು ಒಪ್ಪುವ ಹುಡುಗರು ಬೇಕು. ಎಲ್ಲವನ್ನೂ ಹೊಂದಿಸಿದರೂ ದಿನಾ ಬೆಳಿಗ್ಗೆ ಹಾಲಿನ ಗಾಡಿ, ತರಕಾರಿ ಗಾಡಿ, ಗ್ಯಾಸ್ ಸಿಲಿಂಡರ್ ಬರಲೇಬೇಕು.

‘ಮುಂದಿನ ಬಾಗಿಲಲ್ಲಿ ಸ್ಯಾನಿಟೈಸರ್ ಹಿಡಿದು ನಿಂತವ ಟೈ ಕಟ್ಟಿಕೊಂಡಿರ್ತಾನೆ ಮಾರಾಯ,’ ಅಂದ ಅವನು. ‘ಹಿಂದಿನ ಬಾಗಿಲಲ್ಲಿ ನಿಂತವನಿಗೆ ಮಾಸ್ಕ್ ಎರಡು ದಿನಕ್ಕೊಂದು.’

ಡೆನ್ನರ್ಬಿ ಆಮೇಲೆ ಬಹಿರಂಗವಾಗಿ ಬೊಟ್ಟು ಮಾಡಿದ್ದೂ ಇದಕ್ಕೇ. ಹೋಟೆಲಿನ ಸಿಬ್ಬಂದಿಯಲ್ಲಿ ಸೋಂಕು ಮೊದಲೇ ಪತ್ತೆಯಾಗಿತ್ತು, ಅದಕ್ಕೆ ತಕ್ಕಂತೆ ತಂಡವನ್ನು ಬೇಗ ಕಾಪಾಡಬಹುದಿತ್ತು ಎಂಬುದು ಅವರ ದೂರು. ಒಮಿಕ್ರಾನ್ ಒಳಹೊಕ್ಕು ಕಾಣಿಸಿಕೊಳ್ಳಲು ಸುಮಾರು ಮೂರು ದಿನ ಸಾಕು. ಆರ್‌ಟಿ-ಪಿಸಿಆರ್ ವರದಿ ಕೈಗೆ ಬರಲು ಒಂದು ದಿನ. ಸೋಮವಾರ ಮೂಗಿಗೆ ಕಡ್ಡಿ ಹಾಕಿದ ಸಪ್ಲೈಯರ್‌ನ ವರದಿ ಮಂಗಳವಾರ ಬರುತ್ತದೆ. ನಡುವಿನ ಎರಡು ಊಟ, ಒಂದು ತಿಂಡಿ ಅವನೇ ಬಡಿಸಿರುತ್ತಾನೆ. ಪರೀಕ್ಷೆ ಅನ್ನುವುದು ನಿನ್ನೆಯ ಫೋಟೋ. ಬಬಲ್‌ನವರು ಅದನ್ನೇ ಇವತ್ತಿನ ಕನ್ನಡಿ ಅಂದುಕೊಂಡಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಸುದ್ದಿ ಬಂದ ಮರುದಿನ ನಮ್ಮ ಪೈಕಿ ಕೆಲವರೇ ‘ಆ ಹೋಟೆಲ್ ಹುಡುಗರಿಂದ ದೇಶದ ವಿಶ್ವಕಪ್ ಹೋಯಿತು’ ಅಂದರು. ನಮ್ಮವರೇ, ಹೋಟೆಲ್ ನಡೆಸುವವರೇ. ಲೋಕಲ್ ಟ್ರೇನಿನಲ್ಲಿ ಒತ್ತಿಕೊಂಡು ಬಂದು, ಹತ್ತು ಜನ ಒಂದು ಖೋಲಿಯಲ್ಲಿ ಮಲಗಿ, ಬೆಳಿಗ್ಗೆ ಮತ್ತೆ ತಟ್ಟೆ ಎತ್ತಿದವನಿಗೆ ಸೋಂಕು ಬಂದದ್ದು ಅವನ ತಪ್ಪೇ? ಅವನನ್ನು ಒಳಗೆ ಮಲಗಿಸದವರ ಲೆಕ್ಕ ಯಾರೂ ಕೇಳಲಿಲ್ಲ.

ಮೂರು ನಿಯಮ, ಒಂದೇ ರೋಗ

ಈಗ ಆ ಹದಿಮೂರಕ್ಕೆ ಬರೋಣ. ಕೋವಿಡ್ ಕಾಲಕ್ಕೆಂದೇ ಎಎಫ್‌ಸಿ ಮಾಡಿದ್ದ ವಿಶೇಷ ನಿಯಮಗಳ 4.1ನೇ ಕಲಮಿನ ಸಾರ ಇಷ್ಟು: ಒಬ್ಬ ಗೋಲ್‌ಕೀಪರ್ ಸೇರಿ ಕನಿಷ್ಠ 13 ಮಂದಿ ಆಡಲು ಸಿಗದಿದ್ದರೆ, ಕಾರಣ ಏನೇ ಇರಲಿ, ಪಂದ್ಯ ನಡೆಯದ್ದಕ್ಕೆ ಆ ತಂಡವೇ ಹೊಣೆ, ಟೂರ್ನಿಯಿಂದ ಹಿಂದೆ ಸರಿದಂತೆ. ಹಿಂದೆ ಸರಿದ ತಂಡದ ಎಲ್ಲ ಪಂದ್ಯಗಳೂ ಶೂನ್ಯ.

ತಂಡದಲ್ಲಿ 23 ಮಂದಿ. ಹನ್ನೆರಡು ಕಳೆದರೆ ಹನ್ನೊಂದು. ಗಾಯಾಳುಗಳನ್ನು ಕಳೆಯುವ ಮೊದಲೇ ಸಂಖ್ಯೆ ಕೆಳಗಿಳಿಯಿತು. ನಿಯಮದ ಅಕ್ಷರಕ್ಕೆ ಹೊಂದಿಸಿ ನೋಡಿದರೆ ತೀರ್ಪಿನಲ್ಲಿ ಹುಳುಕಿಲ್ಲ. ‘ಕಾರಣ ಏನೇ ಇರಲಿ’ ಅನ್ನುವ ಮೂರು ಪದಗಳಲ್ಲೇ ಎಲ್ಲ ಮುಗಿದಿದೆ. ತಂಡವನ್ನು ಆ ಹೋಟೆಲಿನಲ್ಲಿ ಇರಿಸಿದ್ದು ಯಾರು, ಸಿಬ್ಬಂದಿಯ ಪರೀಕ್ಷೆ ಯಾರ ಜವಾಬ್ದಾರಿ, ಇವೆಲ್ಲ ಆ ಮೂರು ಪದಗಳ ಆಚೆಗೆ ಉಳಿದವು.

ಇದಕ್ಕೆ ಎದುರಾಗಿ ಮರುದಿನವೇ, ಜನವರಿ 24ರಂದು, ಕ್ಯಾಮರೂನಿನ ಯಾವುಂಡೆಯಲ್ಲಿ ನಡೆದದ್ದನ್ನು ನೋಡಿ. ಗಂಡಸರ ಆಫ್ರಿಕಾ ಕಪ್. ಪುಟ್ಟ ದ್ವೀಪರಾಷ್ಟ್ರ ಕೊಮೊರೊಸ್‌ನ ಶಿಬಿರದಲ್ಲೂ ಹನ್ನೆರಡು ಮಂದಿಗೆ ಸೋಂಕು. ಗೋಲ್‌ಕೀಪರ್‌ಗಳು ಯಾರೂ ಸಿಗಲಿಲ್ಲ. ಆದರೆ ಆಫ್ರಿಕಾದ ನಿಯಮ ಬೇರೆ: 28 ಮಂದಿಯ ತಂಡಕ್ಕೆ ಅವಕಾಶ, ಹನ್ನೊಂದು ಮಂದಿ ಇದ್ದರೆ ಆಡಲೇಬೇಕು, ಗೋಲ್‌ಕೀಪರ್ ಇಲ್ಲದಿದ್ದರೂ. ಶಕೆರ್ ಅಲ್‌ಹದೂರ್ ಎಂಬ ಡಿಫೆಂಡರ್ ಗ್ಲೌಸ್ ಹಾಕಿಕೊಂಡು ಗೋಲಿನಲ್ಲಿ ನಿಂತ. ಏಳನೇ ನಿಮಿಷಕ್ಕೆ ಅವರ ನಾಯಕನಿಗೆ ಕೆಂಪು ಕಾರ್ಡ್. ಹತ್ತೇ ಮಂದಿ, ನಕಲಿ ಗೋಲ್‌ಕೀಪರ್, ಎದುರಿಗೆ ಆತಿಥೇಯ ಕ್ಯಾಮರೂನ್. ಸೋತರು, 2–1ರಲ್ಲಿ. ಕೊಮೊರೊಸ್ ಹೊಡೆದ ಆ ಒಂದು ಗೋಲನ್ನು ಜಗತ್ತೇ ನೋಡಿತು. ಅದೇ ಸಂಜೆ ಆ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ ಎಂಟು ಮಂದಿ ಸತ್ತರು. ಜನ ಒಳಗೆ ಬರುವುದೇ ಒಂದು ಅದೃಷ್ಟ ಅಂದುಕೊಳ್ಳುವ ಹಾಗೂ ಇಲ್ಲ.

ಮೂರನೇ ಉದಾಹರಣೆ ನಮ್ಮದೇ ಊರಿನದು. ಏಷ್ಯಾ ಕಪ್ ಮುಗಿದು ಏಳು ವಾರಕ್ಕೆ ಐಪಿಎಲ್. ಆ ವರ್ಷ ಲೀಗ್ ಪಂದ್ಯಗಳೆಲ್ಲ ಮುಂಬಯಿ, ಪುಣೆಯಲ್ಲೇ, ಡಿ.ವೈ. ಪಾಟೀಲ್‌ನಲ್ಲಿ ಗೋಲುಕಂಬ ಕಿತ್ತು ಪಿಚ್ ತೆರೆದರು. ಏಪ್ರಿಲ್‌ನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ಶಿಬಿರದಲ್ಲಿ ಕೋವಿಡ್ ಬಂತು. ಏಪ್ರಿಲ್ 20ರ ಅವರ ಪಂದ್ಯವನ್ನು ಪುಣೆಯಿಂದ ಮುಂಬಯಿಯ ಬ್ರೆಬೋರ್ನ್‌ಗೆ ಎತ್ತಿದರು, ಆಡಿಸಿದರು. ಅಲ್ಲಿನ ನಿಯಮ: ಹನ್ನೆರಡು ಮಂದಿ ಸಿಗದಿದ್ದರೆ ಮೊದಲು ಬೇರೆ ದಿನ ಹುಡುಕಬೇಕು, ಆಗದಿದ್ದರೆ ತಾಂತ್ರಿಕ ಸಮಿತಿ ಕೂರಬೇಕು. ಯಾರನ್ನೂ ಮನೆಗೆ ಕಳಿಸುವ ಮಾತೇ ಇಲ್ಲ.

13, 11, 12. ನಾಲ್ಕು ತಿಂಗಳೊಳಗೆ ಒಂದೇ ರೋಗಕ್ಕೆ ಮೂರು ಲೆಕ್ಕ. ವೈದ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಈ ಸಂಖ್ಯೆಗಳಿಗೆ ಆಧಾರ ಸಿಗುವುದಿಲ್ಲ. ಕ್ಯಾಲೆಂಡರು ಯಾರ ಕೈಯಲ್ಲಿದೆ, ಆ ತಂಡ ಹೊರಗೆ ಹೋದರೆ ಯಾರಿಗೆ ನಷ್ಟ ಅನ್ನುವುದರಿಂದ ಹುಟ್ಟಿದ ಸಂಖ್ಯೆಗಳು ಇವು. ಐಪಿಎಲ್‌ನಲ್ಲಿ ಒಂದು ಪಂದ್ಯ ಹೋದರೆ ಟೀವಿಯವರಿಗೆ ಕೋಟಿಗಟ್ಟಲೆ ಹೊಡೆತ. ಖಾಲಿ ಗ್ಯಾಲರಿಯ ಮಹಿಳಾ ಪಂದ್ಯ ಒಂದು ಹೋದರೆ ನೆರೂಳಿನ ಒಬ್ಬ ಹುಡುಗಿ ಅಳುತ್ತಾಳೆ.

ಮುಂದೂಡಿದ್ದರೆ?

ಸಿಟ್ಟಿನಲ್ಲಿ ನಾನೂ ಎಲ್ಲರ ಹಾಗೆ ‘ಎರಡು ದಿನ ಮುಂದೂಡಲು ಏನು ಧಾಡಿ’ ಅಂದಿದ್ದೆ. ಆಮೇಲೆ ಒಂದು ರಾತ್ರಿ ಪೆನ್ನು ಹಿಡಿದು ಕೂತೆ. 23ಕ್ಕೆ ತೈವಾನ್, 26ಕ್ಕೆ ಚೀನಾ. 30ಕ್ಕೆ ಕ್ವಾರ್ಟರ್‌ಫೈನಲ್ ಶುರು. ಆ ತಿಂಗಳ 5ರಂದು ಕೇಂದ್ರ ಸರ್ಕಾರ ಬದಲಿಸಿದ್ದ ಮನೆವಾಸದ ನಿಯಮದಂತೆ ಸೋಂಕು ಪತ್ತೆಯಾದ ಮೇಲೆ ಕನಿಷ್ಠ ಏಳು ದಿನ, ಕೊನೆಯ ಮೂರು ದಿನ ಜ್ವರ ಇರಬಾರದು. 22–23ಕ್ಕೆ ಪತ್ತೆಯಾದವರು ಹೊರಗೆ ಬರುವುದು 29–30ಕ್ಕೆ. ಅಂದರೆ ತೈವಾನ್ ಪಂದ್ಯವನ್ನು ಎರಡು ದಿನ ತಳ್ಳಿದರೂ ಅದೇ ಹನ್ನೊಂದು. ಗುಂಪಿನ ಹಂತವನ್ನೇ ಒಂದು ವಾರ ನಿಲ್ಲಿಸಿದರೆ ಮಾತ್ರ ಉಪಯೋಗ. ಹನ್ನೆರಡು ದೇಶ, ಮೂರು ಮೈದಾನ, ಯುರೋಪಿನ ಕ್ಲಬ್ಬುಗಳಿಂದ ಸಾಲ ತಂದ ಆಟಗಾರ್ತಿಯರು. ಆಗದ ಮಾತು.

ಲೆಕ್ಕ ಮುಗಿದಾಗ ನನಗೇ ಬೇಸರವಾಯಿತು. ಬೈಯಲು ಒಬ್ಬ ಸಿಕ್ಕಿದ್ದ, ಅವನೂ ಕೈತಪ್ಪಿದ. 23ರ ಸಂಜೆ ಎಎಫ್‌ಸಿಯ ಮಲೇಷ್ಯಾದ ಕಚೇರಿಯಲ್ಲಿ ಯಾರು ಏನು ತೀರ್ಮಾನಿಸಿದ್ದರೂ ಭಾರತ ಆಡುತ್ತಿರಲಿಲ್ಲ. ನಷ್ಟ ಆಗಿದ್ದು ಅದಕ್ಕಿಂತ ಮೊದಲು, ಎರಡು ಕಡೆ.

ಒಂದು, ಆಗಲೇ ಹೇಳಿದ ಹಿಂದಿನ ಬಾಗಿಲು. ಎರಡನೆಯದು, 23 ಎಂಬ ಸಂಖ್ಯೆ. ಅದಕ್ಕೆ ಆರು ತಿಂಗಳ ಹಿಂದೆ ಟೋಕಿಯೊ ಒಲಿಂಪಿಕ್ಸ್‌ನ ಫುಟ್‌ಬಾಲ್‌ನಲ್ಲಿ ಕೋವಿಡ್ ಕಾರಣಕ್ಕೇ 18ರ ತಂಡವನ್ನು 22ಕ್ಕೆ ಏರಿಸಿದ್ದರು. ಆಫ್ರಿಕಾದವರು 28ಕ್ಕೆ ಹೋದರು. ಇಲ್ಲಿ 23ರ ಮೇಲೆ ನಿಂತು ಕನಿಷ್ಠ ಮಿತಿಯನ್ನು ಮಾತ್ರ 13ಕ್ಕೆ ಇಟ್ಟರು. ಹತ್ತು ಮಂದಿಯ ಅಂತರ. 28 ಇದ್ದಿದ್ದರೆ ಹನ್ನೆರಡು ಕಳೆದೂ ಹದಿನಾರು. ಹಾಗಂತ ಆ ಐದು ಹೆಚ್ಚಿನವರನ್ನೂ ಅದೇ ಹೋಟೆಲಿನ ಅದೇ ಊಟದ ಸಾಲಿನಲ್ಲಿ ನಿಲ್ಲಿಸಿದ್ದರೆ ಪ್ರಯೋಜನವಿಲ್ಲ, ಬೇರೆ ಕಟ್ಟಡದಲ್ಲಿ ಇಡಬೇಕಿತ್ತು. ಮದುವೆಮನೆಯ ಅಡುಗೆಭಟ್ಟರು ಹಾಲನ್ನು ಎರಡು ಪಾತ್ರೆಯಲ್ಲಿ ಇಡುವುದು ಯಾಕೆ ಅಂತ ಕೇಳಿದರೆ ನಮ್ಮ ಯಾವ ಹೋಟೆಲಿನ ಹುಡುಗನಾದರೂ ಹೇಳುತ್ತಾನೆ.

ವಿಯೆಟ್ನಾಂ ಕಥೆ ಇದಕ್ಕೆ ಕನ್ನಡಿ. ಅವರಿಗೂ ಸೋಂಕು ತಗುಲಿತ್ತು, ಟೂರ್ನಿಗೆ ಮೊದಲು, ಸ್ಪೇನಿನ ತರಬೇತಿ ಶಿಬಿರದಲ್ಲಿ. ತಂಡ ತುಂಡುತುಂಡಾಗಿ ಪುಣೆಗೆ ಬಂತು. ದಕ್ಷಿಣ ಕೊರಿಯಾ ವಿರುದ್ಧ 0–3, ಜಪಾನ್ ವಿರುದ್ಧ 0–3, ಮ್ಯಾನ್ಮಾರ್ ಜೊತೆ 2–2. ಭಾರತ ಹೊರಬಿದ್ದು ಎ ಗುಂಪಿನಲ್ಲಿ ಮೂರೇ ತಂಡ ಉಳಿದದ್ದರಿಂದ ಮೂರನೇ ಸ್ಥಾನಿಗರನ್ನು ಹೋಲಿಸುವಾಗ ಉಳಿದ ಗುಂಪುಗಳಲ್ಲೂ ಕೊನೆಯವರ ವಿರುದ್ಧದ ಫಲಿತಾಂಶ ಬಿಟ್ಟರು. ಆಗ ವಿಯೆಟ್ನಾಂನ ಅಂಕ ಸೊನ್ನೆ, ಆರು ಗೋಲಿನ ಕೊರತೆ. ಅಷ್ಟಾದರೂ ಇರಾನಿಗಿಂತ ಮೇಲೆ. ಕ್ವಾರ್ಟರ್‌ಫೈನಲ್‌ನಲ್ಲಿ ಚೀನಾಕ್ಕೆ ಸೋತರೂ ಪ್ಲೇ-ಆಫ್‌ನಲ್ಲಿ ಥಾಯ್ಲೆಂಡ್, ತೈವಾನ್ ಇಬ್ಬರನ್ನೂ ಸೋಲಿಸಿ ಮೊದಲ ಸಲ ವಿಶ್ವಕಪ್ಪಿಗೆ ಹೋದರು. ಅವರ ರೋಗ ಸ್ವಲ್ಪ ಮೊದಲು ಬಂದಿತ್ತು, ಅಷ್ಟೇ ವ್ಯತ್ಯಾಸ.

ಫಿಲಿಪ್ಪೀನ್ಸ್ ಕೂಡ ಪುಣೆಯಲ್ಲೇ ತೈವಾನ್ ವಿರುದ್ಧ ಪೆನಾಲ್ಟಿ ಶೂಟೌಟ್ ಗೆದ್ದು ಮೊದಲ ಸಲ ವಿಶ್ವಕಪ್ಪಿಗೆ ಏರಿತು. ನಿರ್ಣಾಯಕ ಪೆನಾಲ್ಟಿ ಹೊಡೆದ ಸರೀನಾ ಬೋಲ್ಡೆನ್ ಮರುವರ್ಷ ವೆಲ್ಲಿಂಗ್ಟನ್ನಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಗೋಲು ಹೊಡೆದು ತನ್ನ ದೇಶಕ್ಕೆ ವಿಶ್ವಕಪ್ಪಿನ ಮೊದಲ ಗೆಲುವು ತಂದಳು. ಬಾಲೇವಾಡಿಯ ಆ ಹುಲ್ಲಿನ ಮೇಲೆ ಒಂದು ಸಂಜೆ ಇಷ್ಟೆಲ್ಲ ನಡೆದದ್ದು ಪುಣೆಯ ನಮ್ಮ ಕನ್ನಡದ ಗೆಳೆಯರಿಗೇ ಗೊತ್ತಿರಲಿಲ್ಲ. ಗೇಟಿನೊಳಗೆ ಯಾರನ್ನೂ ಬಿಡದಿದ್ದರೆ ಗೊತ್ತಾಗುವುದಾದರೂ ಹೇಗೆ.

ಫೈನಲ್ ಫೆಬ್ರವರಿ 6ರ ಭಾನುವಾರ, ಮತ್ತೆ ನೆರೂಳಿನಲ್ಲಿ. ಅಂದು ಬೆಳಿಗ್ಗೆ ಲತಾ ಮಂಗೇಶ್ಕರ್ ತೀರಿಕೊಂಡರು. ಇಡೀ ಮುಂಬಯಿ ಶಿವಾಜಿ ಪಾರ್ಕಿನ ಕಡೆ ತಿರುಗಿತ್ತು. ಟೀವಿಯಲ್ಲಿ ಚಿತೆ, ಕಿಟಕಿಯಲ್ಲಿ ಕ್ರೀಡಾಂಗಣದ ಬೆಳಕು. ಮಧ್ಯಂತರಕ್ಕೆ ಕೊರಿಯಾ 2–0 ಮುಂದಿತ್ತು. ಚೀನಾ ಮೂರು ಗೋಲು ಹೊಡೆಯಿತು, ಕೊನೆಯದು ಹೆಚ್ಚುವರಿ ನಿಮಿಷಗಳಲ್ಲಿ ಶಿಯಾವೊ ಯೂಯಿ ಅವರದು. ಚೀನಾಕ್ಕೆ ಒಂಬತ್ತನೇ ಕಪ್. ಏಷ್ಯಾದ ಇಂಥ ಫೈನಲ್ ಮನೆಯಿಂದ ನಡೆದು ಹೋಗುವ ದೂರದಲ್ಲಿ ಮತ್ತೆ ಯಾವಾಗ ಆಗುತ್ತದೋ. ನಾವು ಟೆರೇಸಿನಲ್ಲಿ ಇಬ್ಬರೇ ಇದ್ದೆವು, ನಾನು ಮತ್ತು ವಾಚ್‌ಮನ್. ಅವನು ನೀರಿನ ಟ್ಯಾಂಕ್ ನೋಡಲು ಬಂದಿದ್ದ.

ಆಮೇಲೆ

ಅದೇ ವರ್ಷ ಮೈದಾನಕ್ಕೆ ಇನ್ನೊಂದು ಅವಕಾಶ ಬಂತು, ಅದೂ ಕೈತಪ್ಪುವುದರಲ್ಲಿತ್ತು. ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್: ಭುವನೇಶ್ವರ, ಗೋವಾ, ನವಿ ಮುಂಬಯಿ. ಆಗಸ್ಟ್ ಮಧ್ಯದಲ್ಲಿ ಫಿಫಾ ಭಾರತದ ಫುಟ್‌ಬಾಲ್ ಫೆಡರೇಶನ್ನನ್ನೇ ಅಮಾನತು ಮಾಡಿತು, ಆಡಳಿತದಲ್ಲಿ ಮೂರನೆಯವರ ಕೈವಾಡ ಎಂದು. 26ಕ್ಕೆ ಅಮಾನತು ತೆರವಾಯಿತು. ಆ ಹತ್ತು ದಿನ ಹುಡುಗಿ ದಿನಕ್ಕೆರಡು ಸಲ ಬಂದು ‘ಅಂಕಲ್, ಏನಾಯ್ತು?’ ಅಂತ ಕೇಳುತ್ತಿದ್ದಳು, ಫಿಫಾ ಕಚೇರಿ ನಮ್ಮ ಮನೆಯಲ್ಲೇ ಇದ್ದ ಹಾಗೆ.

ಭಾರತದ ಹುಡುಗಿಯರು ಭುವನೇಶ್ವರದಲ್ಲಿ ಮೂರಕ್ಕೆ ಮೂರೂ ಸೋತರು, ಅಮೆರಿಕದ ಎದುರು 0–8. ಅದರ ಬಗ್ಗೆ ಬರೆಯುವುದೇನಿಲ್ಲ. ಹಿರಿಯರ ತಂಡ ಮಾತ್ರ 2025ರ ಜುಲೈನಲ್ಲಿ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2–1ರಲ್ಲಿ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಆತಿಥೇಯರ ಕೋಟಾ ಇಲ್ಲದೆ, ಅರ್ಹತಾ ಸುತ್ತು ಗೆದ್ದು ಹೋದದ್ದು ಅದೇ ಮೊದಲು.

2022ರ ಅಕ್ಟೋಬರ್ 30ಕ್ಕೆ ಹಿಂತಿರುಗುತ್ತೇನೆ. ನೆರೂಳಿನಲ್ಲಿ ಫೈನಲ್, ಸ್ಪೇನ್–ಕೊಲಂಬಿಯಾ. ಈ ಸಲ ಗೇಟು ತೆರೆದಿತ್ತು. ಹುಡುಗಿಯನ್ನು, ಅವಳ ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ಭಾನುವಾರ ಗಲ್ಲೆ ಬಿಟ್ಟು ಬಂದದ್ದು ಅದೇ ಮೊದಲಂತೆ, ಅರ್ಧ ಹೊತ್ತು ಫೋನಿನಲ್ಲಿ ಇಡ್ಲಿ ಹಿಟ್ಟಿನ ಲೆಕ್ಕ ಕೇಳುತ್ತಲೇ ಇದ್ದ. ಎದ್ದು ಹೋಗುವಾಗ ಬರುವಾಗ ಜನ ಮೊಣಕಾಲಿಗೆ ತಾಗುತ್ತಿದ್ದರು. ಸ್ಪೇನ್ ಗೆದ್ದದ್ದು 82ನೇ ನಿಮಿಷದಲ್ಲಿ ಕೊಲಂಬಿಯಾದ ಹುಡುಗಿಯೇ ತನ್ನ ಗೋಲಿಗೆ ಹೊಡೆದುಕೊಂಡ ಚೆಂಡಿನಿಂದ. ನಮ್ಮ ಸುತ್ತ ಅರ್ಧ ಜನಕ್ಕೆ ಅದು ಯಾರ ಗೋಲು ಅಂತಲೇ ತಿಳಿಯದೆ ಎದ್ದು ಕುಣಿದರು.

ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಅದಕ್ಕಿಂತ ಮೊದಲಿನದು. ರಾಷ್ಟ್ರಗೀತೆಗೆ ಎರಡೂ ತಂಡ ಸಾಲಾಗಿ ನಿಂತವು. ಹುಡುಗಿ ಸೀಟಿನ ಮೇಲೆ ಹತ್ತಿ, ಬೆರಳು ಮುಂದೆ ಚಾಚಿ, ಬಾಯೊಳಗೇ ಎಣಿಸಲು ಶುರುಮಾಡಿದಳು. ಸಾಲಿನಲ್ಲಿ ಹನ್ನೊಂದು. ಆಮೇಲೆ ಬೆರಳು ಪಕ್ಕದ ಬೆಂಚಿನ ಕಡೆ ಹೋಯಿತು. ಹನ್ನೆರಡು. ಹದಿಮೂರು. ಅಲ್ಲಿಗೆ ನಿಲ್ಲಿಸಿ ಕೆಳಗಿಳಿದು, ನನ್ನ ಕೈಯಲ್ಲಿದ್ದ ಪಾಪ್‌ಕಾರ್ನ್ ಪೊಟ್ಟಣ ಕಸಿದುಕೊಂಡಳು.